ಹೋಗಬೇಡ ಅಂದರೂ ಪೌಲ ಯೆರೂಸಲೇಮಿಗೆ ಹೋದದ್ದೇಕೆ?

ಕೈಸರೈಯ ಕಡಲ ದಂಡೆಯ ಊರು, ಹೆರೋದ ರಾಜ ಕಟ್ಟಿಸಿದ ದೊಡ್ಡ ಬಂದರು. ಯೂದಾಯವನ್ನು ಆಳುತ್ತಿದ್ದ ರೋಮಿನ ದೇಶಾಧಿಪತಿ ಇರುತ್ತಿದ್ದದ್ದೂ ಅಲ್ಲೇ. ಕ್ರಿ.ಶ. 57ರ ಸುಮಾರಿಗೆ ಆ ಊರಿನ ಒಂದು ಮನೆಗೆ ಅಗಬ ಅನ್ನುವ ಪ್ರವಾದಿ ಬಂದ. ಆ ಮನೆಯಲ್ಲಿ ಯೇಸುವಿನ ಸುವಾರ್ತೆಯನ್ನು ಊರೂರಿಗೆ ಸಾರುತ್ತಿದ್ದ ಪೌಲನೂ ಅವನ ಜೊತೆಗಾರರೂ ಅತಿಥಿಗಳಾಗಿ ಉಳಿದುಕೊಂಡಿದ್ದರು. ಅಗಬ ನೇರವಾಗಿ ಪೌಲನ ಹತ್ತಿರ ಹೋಗಿ ಅವನ ನಡುಕಟ್ಟನ್ನು ತೆಗೆದುಕೊಂಡ. ಅದರಿಂದ ತನ್ನ ಕೈಕಾಲುಗಳನ್ನೇ ಕಟ್ಟಿಕೊಂಡ. ಆಮೇಲೆ ಹೇಳಿದ: ಈ ನಡುಕಟ್ಟು ಯಾರದೋ ಅವನನ್ನು ಯೆರೂಸಲೇಮಿನ ಯೆಹೂದ್ಯರು ಹೀಗೇ ಕಟ್ಟಿ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ ಕೈಗೆ ಒಪ್ಪಿಸುತ್ತಾರೆ, ಇದು ಪವಿತ್ರಾತ್ಮನ ಮಾತು.

ಹೀಗೆ ಮಾಡಿ ತೋರಿಸಿ ಹೇಳುವುದು ಹಳೆಯ ಪ್ರವಾದಿಗಳ ರೂಢಿ. ಯೆರೆಮೀಯ ಹೆಗಲ ಮೇಲೆ ನೊಗ ಹೊತ್ತು ಓಡಾಡಿದ. ಯೆಶಾಯ ಮೂರು ವರ್ಷ ಬರಿಗಾಲಲ್ಲಿ, ಮೈಮೇಲೆ ಸರಿಯಾದ ಬಟ್ಟೆ ಇಲ್ಲದೆ ತಿರುಗಿದ. ಅಹೀಯ ಅನ್ನುವವನು ತನ್ನ ಹೊಸ ಬಟ್ಟೆಯನ್ನು ಹನ್ನೆರಡು ಚೂರು ಮಾಡಿ ರಾಜ್ಯ ಒಡೆಯುವುದನ್ನು ತೋರಿಸಿದ. ಅಗಬ ಮಾಡಿದ್ದು ಅದೇ ಸಾಲಿಗೆ ಸೇರುವ ಕೆಲಸ. ಅಲ್ಲಿದ್ದವರಿಗೆ ಅದು ನಾಟಕ ಅಂತ ಅನ್ನಿಸಲಿಲ್ಲ. ಎಲ್ಲರೂ ಅಳುತ್ತಾ ಪೌಲನನ್ನು ಬೇಡಿಕೊಂಡರು, ಯೆರೂಸಲೇಮಿಗೆ ಹೋಗಬೇಡ ಅಂತ.

ಪೌಲ ಒಪ್ಪಲಿಲ್ಲ. ನೀವು ಅತ್ತು ಅತ್ತು ನನ್ನ ಎದೆ ಒಡೆಯುತ್ತಿದ್ದೀರಲ್ಲ, ಕರ್ತನಾದ ಯೇಸುವಿನ ಹೆಸರಿಗಾಗಿ ಬೇಡಿ ಹಾಕಿಸಿಕೊಳ್ಳುವುದಕ್ಕೆ ಮಾತ್ರ ಅಲ್ಲ, ಅಲ್ಲಿ ಸಾಯುವುದಕ್ಕೂ ನಾನು ಸಿದ್ಧ ಅಂದ. ಇನ್ನು ಹೇಳಿ ಪ್ರಯೋಜನವಿಲ್ಲ ಅಂತ ಅವರು ಸುಮ್ಮನಾದರು. "ಕರ್ತನ ಚಿತ್ತದಂತೆ ಆಗಲಿ" ಅಂದುಬಿಟ್ಟರು. ಪೌಲನ ಜೊತೆಗಾರ ಲೂಕ ಬರೆದ, ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 21ನೇ ಅಧ್ಯಾಯದಲ್ಲಿ ಈ ಕಥೆ ಇದೆ.

ಪ್ರಸಂಗಗಳಲ್ಲಿ ಇದನ್ನು ಧೈರ್ಯದ ಕಥೆಯಾಗಿ ಹೇಳಿ ಮುಗಿಸುವುದೇ ಜಾಸ್ತಿ. ಪೌಲ ಧೈರ್ಯವಂತ, ಸ್ನೇಹಿತರು ಅಂಜುಬುರುಕರು, ಮುಗೀತು. ಆದರೆ ಅದೇ ಅಧ್ಯಾಯದ ನಾಲ್ಕನೇ ವಚನ ಓದಿದರೆ ವಿಷಯ ಅಷ್ಟು ಸಲೀಸಲ್ಲ ಅಂತ ಗೊತ್ತಾಗುತ್ತದೆ. ಕೈಸರೈಯಕ್ಕೆ ಬರುವ ಮೊದಲು ತೂರ್ ಪಟ್ಟಣದಲ್ಲಿ ಶಿಷ್ಯರು ಪೌಲನಿಗೆ ಹೋಗಬೇಡ ಅಂದಿದ್ದರು. ಸುಮ್ನೆ ಅಲ್ಲ, "ಆತ್ಮನ ಪ್ರೇರಣೆಯಿಂದ" ಅಂದರು ಅಂತ ಲೂಕ ಬರೆಯುತ್ತಾನೆ. ಇತ್ತ ಪೌಲ ಹೇಳುವುದೂ ಅದೇ ಆತ್ಮನ ಹೆಸರನ್ನೇ: ನಾನು ಆತ್ಮನಿಂದ ಕಟ್ಟುಬಿದ್ದವನಾಗಿ ಯೆರೂಸಲೇಮಿಗೆ ಹೋಗುತ್ತಿದ್ದೇನೆ. ಒಂದೇ ಆತ್ಮ ಒಬ್ಬನಿಗೆ ಹೋಗು ಅಂದು ಇನ್ನೊಬ್ಬರಿಗೆ ಹೋಗಬೇಡ ಅನ್ನಲು ಸಾಧ್ಯವಾ? ಪೌಲ ದೇವರ ಮಾತು ಕೇಳಿದನಾ, ಮೀರಿದನಾ? ಮೀರಿದ ಅಂತಲೇ ವಾದಿಸುವ ಬೈಬಲ್ ವ್ಯಾಖ್ಯಾನಕಾರರೂ ಇದ್ದಾರೆ. ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ಬಿಡಿಸಬೇಕು.

ದಾರಿಯುದ್ದಕ್ಕೂ ಒಂದೇ ಮಾತು

ಅಗಬನದು ಮೊದಲ ಎಚ್ಚರಿಕೆಯಲ್ಲ, ಕೊನೆಯದು. ಪೌಲ ಹೊರಟದ್ದು ಕೊರಿಂಥದ ಕಡೆಯಿಂದ. ಮಕೆದೋನ್ಯ ಸುತ್ತಿ, ಪಸ್ಕ ಹಬ್ಬದ ದಿನಗಳು ಕಳೆದ ಮೇಲೆ ಫಿಲಿಪ್ಪಿಯಿಂದ ಹಡಗು ಹತ್ತಿ ತ್ರೋವಕ್ಕೆ ಬಂದ. ಅಲ್ಲಿಂದ ಇಂದಿನ ಟರ್ಕಿಯ ಪಶ್ಚಿಮ ಕರಾವಳಿ ಹಿಡಿದು ಕೆಳಗಿಳಿದ. ಪಸ್ಕ ಆಗಿ ಐವತ್ತನೇ ದಿನಕ್ಕೆ ಬರುವ ಪಂಚಾಶತ್ತಮ ಹಬ್ಬಕ್ಕೆ ಯೆರೂಸಲೇಮಿನಲ್ಲಿರಬೇಕು ಅನ್ನುವ ಅವಸರ. ಅದಕ್ಕೇ ಮೂರು ವರ್ಷ ಕೆಲಸ ಮಾಡಿದ್ದ ಎಫೆಸಕ್ಕೂ ಹೋಗಲಿಲ್ಲ. ಅಲ್ಲಿ ಇಳಿದರೆ ಬಿಡಿಸಿಕೊಂಡು ಬರುವುದು ಕಷ್ಟ ಅಂತ ಅವನಿಗೆ ಗೊತ್ತಿದ್ದಿರಬೇಕು. ಅದರ ಬದಲು ಐವತ್ತು ಕಿಲೋಮೀಟರಿಗಿಂತ ದೂರದ ಮಿಲೇತ ಬಂದರಿನಲ್ಲಿ ಇಳಿದು ಎಫೆಸದ ಸಭೆಯ, ಅಂದರೆ ಯೇಸುವನ್ನು ನಂಬಿದವರ ಕೂಟದ, ಹಿರಿಯರಿಗೆ ಹೇಳಿ ಕಳಿಸಿದ.

ಮಿಲೇತದಲ್ಲಿ ಅವನು ಆಡಿದ ಮಾತು ಈ ಇಡೀ ಪ್ರಯಾಣದ ಬೀಗದ ಕೈ. ಅಲ್ಲಿ ಅವನು ಎರಡು ಸಂಗತಿ ಹೇಳುತ್ತಾನೆ. ಒಂದು, ಯೆರೂಸಲೇಮಿನಲ್ಲಿ ನನಗೆ ಏನಾಗುತ್ತದೆ ಅಂತ ನನಗೆ ಗೊತ್ತಿಲ್ಲ. ಎರಡು, ಬೇಡಿಗಳೂ ಸಂಕಟಗಳೂ ಕಾದಿವೆ ಅಂತ ಪವಿತ್ರಾತ್ಮನು ಪ್ರತಿಯೊಂದು ಊರಿನಲ್ಲೂ ಹೇಳುತ್ತಿದ್ದಾನೆ, ಅದಷ್ಟು ಮಾತ್ರ ಗೊತ್ತು. ಅಂದರೆ ಎಚ್ಚರಿಕೆ ಅವನಿಗೆ ಹೊಸದಲ್ಲ. ಊರೂರಲ್ಲೂ ಕೇಳಿಸಿಕೊಂಡೇ ಬಂದಿದ್ದಾನೆ. ಕೇಳಿಸಿಕೊಂಡು, ಹೋಗುವ ನಿರ್ಧಾರವನ್ನು ಬದಲಿಸಿಲ್ಲ. ನನ್ನ ಓಟವನ್ನು ಮುಗಿಸಬೇಕು, ಕರ್ತನಿಂದ ಹೊಂದಿದ ಸೇವೆಯನ್ನು ತೀರಿಸಬೇಕು, ಅದಕ್ಕಿಂತ ನನ್ನ ಪ್ರಾಣ ನನಗೆ ದೊಡ್ಡದಲ್ಲ ಅನ್ನುತ್ತಾನೆ. ಕೊನೆಗೆ, ನೀವು ಇನ್ನು ನನ್ನ ಮುಖ ಕಾಣುವುದಿಲ್ಲ ಅಂದಾಗ ಹಿರಿಯರು ಅವನ ಕೊರಳು ತಬ್ಬಿಕೊಂಡು ಅತ್ತರು. ಎಲ್ಲಕ್ಕಿಂತ ಆ ಒಂದು ಮಾತೇ ಅವರಿಗೆ ಜಾಸ್ತಿ ನೋವು ಕೊಟ್ಟಿತು ಅಂತ ಲೂಕ ಸೇರಿಸುತ್ತಾನೆ. ಅಷ್ಟು ಅತ್ತರೂ ಅವರು ಹೋಗಬೇಡ ಅಂದರು ಅಂತ ಮಾತ್ರ ಅಲ್ಲಿ ಬರೆದಿಲ್ಲ.

ಆಮೇಲೆ ಕೋಸ್, ರೋದ, ಪತರ. ಪತರದಲ್ಲಿ ಫೊಯಿನೀಕೆಗೆ ಹೋಗುವ ಹಡಗು ಸಿಕ್ಕಿತು. ಸೈಪ್ರಸ್ ದ್ವೀಪವನ್ನು ಎಡಗಡೆಗೆ ಬಿಟ್ಟು ತೂರ್ ಸೇರಿದರು. ಹಡಗಿನ ಸರಕು ಇಳಿಸಬೇಕಿತ್ತು, ಏಳು ದಿನ ಅಲ್ಲೇ ಉಳಿದರು. ಆ ಸಭೆಯವರೇ ಹೋಗಬೇಡ ಅಂದದ್ದು. ಹೊರಡುವ ದಿನ ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಊರ ಹೊರಗಿನವರೆಗೆ ಬಂದು, ದಡದಲ್ಲಿ ಮೊಣಕಾಲೂರಿ ಪ್ರಾರ್ಥನೆ ಮಾಡಿ ಬೀಳ್ಕೊಟ್ಟರು. ಇದನ್ನು ಗಮನಿಸಿ. ದೇವರ ಆಜ್ಞೆ ಮೀರಿ ಹೋಗುತ್ತಿದ್ದಾನೆ ಅಂತ ಅವರಿಗೆ ಖಂಡಿತ ಅನ್ನಿಸಿದ್ದರೆ ಹೀಗೆ ಸಂಸಾರ ಸಮೇತ ಬಂದು ಕಳಿಸಿಕೊಡುತ್ತಿದ್ದರಾ?

ಪ್ತೊಲೆಮಾಯದಲ್ಲಿ ಒಂದು ದಿನ ಇದ್ದು ಕೈಸರೈಯಕ್ಕೆ ಬಂದರು. ಅಲ್ಲಿ ಇಳಿದುಕೊಂಡದ್ದು ಸುವಾರ್ತಿಕ ಫಿಲಿಪ್ಪನ ಮನೆಯಲ್ಲಿ. ಲೂಕ ಇದನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾನೆ, ಆದರೆ ನನಗೆ ಆ ಸಾಲು ದಾಟಿ ಮುಂದೆ ಹೋಗಲು ಆಗುವುದಿಲ್ಲ. ಯೆರೂಸಲೇಮಿನ ಸಭೆ ಬಡವರ ಊಟದ ಉಸ್ತುವಾರಿಗೆ ಆರಿಸಿದ ಏಳು ಜನರಲ್ಲಿ ಫಿಲಿಪ್ಪ ಒಬ್ಬ, ಸ್ತೆಫನ ಇನ್ನೊಬ್ಬ. ಸ್ತೆಫನನನ್ನು ಕಲ್ಲೆಸೆದು ಕೊಂದಾಗ ಒಪ್ಪಿಗೆಯಿಂದ ನೋಡುತ್ತಾ ನಿಂತವನು ಸೌಲ, ಅಂದರೆ ಇದೇ ಪೌಲ. ಆಮೇಲೆ ಅವನು ಮನೆಮನೆ ನುಗ್ಗಿ ಜನರನ್ನು ಎಳೆದು ಸೆರೆಗೆ ಹಾಕಿದ. ಆ ಹಿಂಸೆಯಲ್ಲಿ ಊರು ಬಿಟ್ಟವರಲ್ಲಿ ಫಿಲಿಪ್ಪನೂ ಇದ್ದ. ಎರಡು ದಶಕ ಕಳೆದ ಮೇಲೆ ಅದೇ ಫಿಲಿಪ್ಪನ ಮನೆಯಲ್ಲಿ ಪೌಲ ಅತಿಥಿ. ಅಂದು ಬೇರೆಯವರಿಗೆ ಬೇಡಿ ಹಾಕಿಸಿದವನು ಇಂದು ತನಗೇ ಬೇಡಿ ಕಾದಿದೆ ಅಂತ ಕೇಳುತ್ತಿದ್ದಾನೆ. ಫಿಲಿಪ್ಪನ ನಾಲ್ವರು ಹೆಣ್ಣುಮಕ್ಕಳೂ ಪ್ರವಾದನೆ ಮಾಡುವವರು. ಅವರು ಏನು ಹೇಳಿದರು ಅಂತ ಲೂಕ ಬರೆದಿಲ್ಲ.

ಅಲ್ಲಿಗೆ ಹೋಗಲೇಬೇಕಾದ ಕೆಲಸ ಏನು?

ಅಪೊಸ್ತಲರ ಕೃತ್ಯಗಳು ಮಾತ್ರ ಓದಿದರೆ ಪೌಲ ಯಾಕೆ ಇಷ್ಟು ಹಟ ಹಿಡಿದ ಅಂತ ಸರಿಯಾಗಿ ತಿಳಿಯುವುದಿಲ್ಲ. ಅವನ ಪತ್ರಗಳನ್ನು ಪಕ್ಕದಲ್ಲಿಟ್ಟು ಓದಬೇಕು. ಆಗ ಗೊತ್ತಾಗುತ್ತದೆ, ಅವನು ಒಯ್ಯುತ್ತಿದ್ದದ್ದು ದುಡ್ಡು.

ಯೆರೂಸಲೇಮಿನ ಸಭೆ ಬಡ ಸಭೆ. ಚಕ್ರವರ್ತಿ ಕ್ಲೌದ್ಯನ ಕಾಲದಲ್ಲಿ ಯೂದಾಯಕ್ಕೆ ಭೀಕರ ಬರ ಬಿತ್ತು. ಇಂದಿನ ಇರಾಕಿನ ಉತ್ತರಕ್ಕಿದ್ದ ಅದಿಯಬೇನೆ ರಾಜ್ಯದ ರಾಣಿ ಹೆಲೇನ ಐಗುಪ್ತದಿಂದ ಧಾನ್ಯ, ಸೈಪ್ರಸ್‌ನಿಂದ ಒಣ ಅಂಜೂರ ತರಿಸಿ ಹಂಚಿದಳು ಅಂತ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಆ ಬರ ಬರುತ್ತದೆ ಅಂತ ಅಂತಿಯೋಕ್ಯದಲ್ಲಿ ಮೊದಲೇ ಹೇಳಿದವನು ಯಾರು ಗೊತ್ತಾ? ಇದೇ ಅಗಬ. ಆಗ ಅಂತಿಯೋಕ್ಯದ ಸಭೆ ಸಹಾಯದ ಹಣ ಕೂಡಿಸಿ ಬಾರ್ನಬ ಮತ್ತು ಸೌಲನ ಕೈಲಿ ಕಳಿಸಿತ್ತು. ಹಾಗಾಗಿ ಕೈಸರೈಯದಲ್ಲಿ ಅಗಬ ಬಾಯಿ ತೆರೆದಾಗ, ಇವನ ಮಾತು ಹುಸಿಯಾಗುವುದಿಲ್ಲ ಅಂತ ಪೌಲನಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿತ್ತು.

ಮುಂದೆ ಯೆರೂಸಲೇಮಿನ ಸಭೆಯ ಮುಖಂಡರಾದ ಯಾಕೋಬ, ಪೇತ್ರ, ಯೋಹಾನರು ಪೌಲನ ಕೈ ಹಿಡಿದು, ನೀನು ಅನ್ಯಜನರ ಬಳಿಗೆ ಹೋಗು, ಆದರೆ ಇಲ್ಲಿಯ ಬಡವರನ್ನು ಮರೆಯಬೇಡ ಅಂದಿದ್ದರು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅವನೇ ಅದನ್ನು ನೆನೆಸಿಕೊಳ್ಳುತ್ತಾನೆ. ಆ ಮಾತಿನ ಮೇಲೆ ಗಲಾತ್ಯ, ಮಕೆದೋನ್ಯ, ಅಖಾಯ ಎಲ್ಲ ಕಡೆ ಚಂದಾ ಎತ್ತಿದ. ವಾರದ ಮೊದಲನೇ ದಿನ ಪ್ರತಿಯೊಬ್ಬನೂ ತನ್ನ ಸಂಪಾದನೆಗೆ ತಕ್ಕಂತೆ ಸ್ವಲ್ಪ ತೆಗೆದಿಡಲಿ, ನಾನು ಬಂದ ಮೇಲೆ ಕೂಡಿಸುವ ಕೆಲಸ ಬೇಡ ಅಂತ ಕೊರಿಂಥದವರಿಗೆ ಬರೆದ. ಲೆಕ್ಕದ ವಿಷಯದಲ್ಲೂ ಬಲು ಹುಷಾರಿ. ಇಷ್ಟು ದೊಡ್ಡ ಮೊತ್ತದ ಬಗ್ಗೆ ಯಾರೂ ಬೆರಳು ತೋರಿಸಬಾರದು ಅಂತ ಬೇರೆ ಬೇರೆ ಸಭೆಗಳು ಆರಿಸಿದವರನ್ನು ಜೊತೆಗೆ ಸೇರಿಸಿಕೊಂಡ. ಈ ಪ್ರಯಾಣದಲ್ಲಿ ಅವನ ಜೊತೆಗಿದ್ದ ಏಳು ಜನರ ಹೆಸರನ್ನು ಲೂಕ ಊರಿನ ಸಮೇತ ಕೊಡುತ್ತಾನೆ: ಬೆರೋಯದವನು ಒಬ್ಬ, ಥೆಸಲೋನಿಕದವರು ಇಬ್ಬರು, ದೆರ್ಬೆಯ ಗಾಯ, ತಿಮೊಥೆ, ಆಸ್ಯದ (ಎಫೆಸ ಇದ್ದ ರೋಮಿನ ಪ್ರಾಂತ್ಯ) ತುಖಿಕ ಮತ್ತು ತ್ರೊಫಿಮ. ಇವರು ಆಯಾ ಸಭೆಗಳ ಹಣಕ್ಕೆ ಸಾಕ್ಷಿಯಾಗಿ ಬಂದವರು ಅಂತ ಬಹಳ ಮಂದಿ ಪಂಡಿತರು ಅಂದುಕೊಳ್ಳುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ತ್ರೊಫಿಮನ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದುಡ್ಡು ತಲುಪಿಸುವುದಕ್ಕೆ ಪೌಲನೇ ಬೇಕಿತ್ತಾ? ಈ ಏಳು ಜನ ಸಾಕಿರಲಿಲ್ಲವಾ? ಒಳ್ಳೆ ಪ್ರಶ್ನೆ. ಮೊದಲು ಪೌಲನಿಗೂ ಅದು ಖಚಿತವಿರಲಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ, ನಾನೂ ಹೋಗುವುದು ಯೋಗ್ಯವಾದರೆ ಅವರು ನನ್ನ ಜೊತೆ ಬರುತ್ತಾರೆ ಅನ್ನುತ್ತಾನೆ. ರೋಮ್‌ನವರಿಗೆ ಬರೆಯುವ ಹೊತ್ತಿಗೆ ಆ ಅನುಮಾನ ಹೋಗಿದೆ, ಈಗ ನಾನು ಯೆರೂಸಲೇಮಿಗೆ ಹೋಗುತ್ತಿದ್ದೇನೆ ಅಂತ ಬರೆಯುತ್ತಾನೆ. ನಡುವೆ ಏನಾಯಿತು ಅಂತ ಅವನು ಬಿಡಿಸಿ ಹೇಳಿಲ್ಲ. ಆದರೆ ಅವನು ಹೋಗದಿದ್ದರೆ ಕೆಲಸ ಅರ್ಧವೇ ಆಗುತ್ತಿತ್ತು ಅನ್ನುವುದಕ್ಕೆ ಕಾರಣ ಅದೇ ಪತ್ರದಲ್ಲಿದೆ. ಯೆಹೂದ್ಯರಿಂದ ಅನ್ಯಜನರಿಗೆ ಆತ್ಮಿಕ ವರ ಬಂತು, ಅನ್ಯಜನರು ಅದರ ಋಣ ತೀರಿಸಬೇಕು ಅನ್ನುವುದು ಅವನ ವಾದ. ಸುನ್ನತಿ ಇಲ್ಲದ ಗ್ರೀಕರು ಸಭೆಯೊಳಗೆ ಬಂದದ್ದು ಯೆರೂಸಲೇಮಿನ ಎಷ್ಟೋ ಜನರಿಗೆ ನುಂಗಲಾರದ ತುತ್ತಾಗಿತ್ತು, ಮತ್ತು ಆ ಜಗಳದ ನಡುವೆ ನಿಂತವನು ಪೌಲನೇ. ಜಗಳ ಯಾರ ಹೆಸರಿನ ಸುತ್ತ ಇದೆಯೋ ಅವನು ಮನೆಯಲ್ಲಿ ಕೂತು ದುಡ್ಡು ಮಾತ್ರ ಕಳಿಸಿದರೆ, ಸಂಬಂಧ ಕೂಡುವುದಿಲ್ಲ ಅಲ್ವಾ?

ಅಪಾಯ ಅವನಿಗೆ ಮೊದಲೇ ಗೊತ್ತಿತ್ತು. ಹೊರಡುವ ಮೊದಲು ರೋಮ್‌ನವರ ಹತ್ತಿರ ಮೂರು ವಿಷಯಕ್ಕೆ ಪ್ರಾರ್ಥನೆ ಕೇಳುತ್ತಾನೆ: ಯೂದಾಯದಲ್ಲಿ ನಂಬದವರ ಕೈಯಿಂದ ನಾನು ಪಾರಾಗಬೇಕು, ನಾನು ಒಯ್ಯುವ ಸಹಾಯ ಅಲ್ಲಿಯ ದೇವಜನರಿಗೆ ಮೆಚ್ಚಿಗೆಯಾಗಬೇಕು, ಆಮೇಲೆ ಸಂತೋಷದಿಂದ ನಿಮ್ಮ ಹತ್ತಿರ ಬರಬೇಕು. ಎರಡನೆಯದನ್ನು ನೋಡಿ. ಕೊಟ್ಟ ದುಡ್ಡನ್ನು ಅವರು ತೆಗೆದುಕೊಳ್ಳುತ್ತಾರೋ ಇಲ್ಲವೋ ಅನ್ನುವುದೇ ಅನುಮಾನವಾಗಿತ್ತು.

ಪೌಲ ಯಾರ ಮಾತನ್ನೂ ಕೇಳದವನಾ?

ಇಲ್ಲಿ ಒಂದು ತಪ್ಪು ಕಲ್ಪನೆ ಇದೆ. ಪೌಲ ಎಚ್ಚರಿಕೆಗೆ ಕಿವಿಗೊಡದ ಮನುಷ್ಯ, ಸಾವನ್ನು ಹುಡುಕಿಕೊಂಡು ಹೋದವನು ಅಂತ. ಅವನ ಜೀವನ ನೋಡಿದರೆ ತಿರುಗಾಮುರುಗ.

ದಮಸ್ಕದಲ್ಲಿ ಕೊಲ್ಲಲು ಹೊಂಚು ಹಾಕಿದಾಗ ಕುಕ್ಕೆಯಲ್ಲಿ ಕೂತು ಗೋಡೆಯ ಕಿಂಡಿಯಿಂದ ಇಳಿದು ಓಡಿದ. ಥೆಸಲೋನಿಕದಲ್ಲಿ ಗಲಾಟೆಯಾದಾಗ ಸಹೋದರರು ರಾತ್ರೋರಾತ್ರಿ ಬೆರೋಯಕ್ಕೆ ಕಳಿಸಿದರು, ಹೋದ. ಎಫೆಸದಲ್ಲಿ ಬೆಳ್ಳಿ ಕೆಲಸದ ದೇಮೇತ್ರಿಯ ಎಬ್ಬಿಸಿದ ದೊಂಬಿ ನಾಟಕಶಾಲೆಯಲ್ಲಿ ಸೇರಿತ್ತು. ಪೌಲ ಅಲ್ಲಿಗೆ ನುಗ್ಗಲು ಹೊರಟ. ಶಿಷ್ಯರು ಬಿಡಲಿಲ್ಲ, ಸ್ನೇಹಿತರಾಗಿದ್ದ ಅಧಿಕಾರಿಗಳೂ ಬರಬೇಡ ಅಂತ ಹೇಳಿ ಕಳಿಸಿದರು. ಅವನು ಹೋಗಲಿಲ್ಲ. ಯೆರೂಸಲೇಮಿನಲ್ಲೇ ಹಿಂದೊಮ್ಮೆ ದೇವಾಲಯದಲ್ಲಿ ಪ್ರಾರ್ಥಿಸುವಾಗ, ಬೇಗ ಇಲ್ಲಿಂದ ಹೊರಡು, ನಿನ್ನ ಸಾಕ್ಷಿಯನ್ನು ಇವರು ಒಪ್ಪುವುದಿಲ್ಲ ಅಂತ ಕರ್ತನು ಹೇಳಿದ್ದ. ಆಗಲೂ ಊರು ಬಿಟ್ಟ.

ಅಷ್ಟೇಕೆ, ಈ ಪ್ರಯಾಣದಲ್ಲೇ ಎಚ್ಚರಿಕೆಗೆ ತಲೆಬಾಗಿದ್ದಾನೆ. ಮೊದಲು ಗ್ರೀಸಿನಿಂದ ಹಡಗಿನಲ್ಲಿ ನೇರವಾಗಿ ಸಿರಿಯಕ್ಕೆ ಹೊರಟಿದ್ದ. ತನ್ನ ವಿರುದ್ಧ ಒಳಸಂಚು ನಡೆದಿದೆ ಅಂತ ತಿಳಿದ ಕೂಡಲೇ ಆ ಹಡಗನ್ನು ಬಿಟ್ಟು ಮಕೆದೋನ್ಯದ ಮೇಲೆ ಸುತ್ತು ದಾರಿ ಹಿಡಿದ. ಅಂದರೆ ಅಪಾಯ ಕಂಡರೆ ದಾರಿ ಬದಲಿಸುತ್ತಾನೆ, ಹೋಗಿ ಸೇರಬೇಕಾದ ಜಾಗವನ್ನು ಬದಲಿಸುವುದಿಲ್ಲ. ನನ್ನ ಪ್ರಕಾರ ಪೌಲನ ವಿಧೇಯತೆಯನ್ನು ಅರ್ಥ ಮಾಡಿಕೊಳ್ಳಲು ಈ ಚಿಕ್ಕ ವಚನ ಅಗಬನ ನಡುಕಟ್ಟಿನಷ್ಟೇ ಮುಖ್ಯ.

ಈಗ ತೂರ್‌ನ ಗಂಟಿಗೆ ಬರೋಣ. ಡಾಕ್ಟರು, ಆಪರೇಷನ್ ಆದ ಮೇಲೆ ಇಷ್ಟು ದಿನ ತುಂಬಾ ನೋವಿರುತ್ತದೆ ಅಂತ ಹೇಳುತ್ತಾರೆ. ಕೇಳಿದ ಮನೆಯವರು, ಹಾಗಾದ್ರೆ ಆಪರೇಷನ್ನೇ ಬೇಡ ಅನ್ನುತ್ತಾರೆ. ನೋವಿರುತ್ತದೆ ಅನ್ನುವುದು ಡಾಕ್ಟರ ಮಾತು, ಬೇಡ ಅನ್ನುವುದು ಮನೆಯವರ ಪ್ರೀತಿ. ತೂರ್‌ನಲ್ಲೂ ಆದದ್ದು ಹೀಗೇ ಅನ್ನುವುದು ಹೆಚ್ಚಿನವರು ಒಪ್ಪುವ ವಿವರಣೆ. ಮುಂದೆ ಬೇಡಿ ಇದೆ ಅಂತ ಆತ್ಮನು ತಿಳಿಸಿದ, ಅದನ್ನು ಕೇಳಿದ ಶಿಷ್ಯರು ಹೋಗಬೇಡ ಅಂದರು. ಲೂಕ ಎರಡನ್ನೂ ಕೂಡಿಸಿ ಚುಟುಕಾಗಿ ಬರೆದ.

ಇದು ಪೌಲನನ್ನು ಉಳಿಸಲು ಹೊಸೆದ ವಾದ ಅಂತ ಅನ್ನಿಸಬಹುದು. ಆದರೆ ಕೈಸರೈಯದ ಘಟನೆಯಲ್ಲಿ ಈ ಎರಡೂ ಬೇರೆ ಬೇರೆಯಾಗಿ ಕಣ್ಣಿಗೆ ಕಾಣುತ್ತವೆ. ಅಗಬ ಹೇಳಿದ್ದು ಏನಾಗುತ್ತದೆ ಅಂತ ಮಾತ್ರ. ಹೋಗಬೇಡ ಅಂತ ಅವನು ಹೇಳಲಿಲ್ಲ. ಹೋಗಬೇಡ ಅಂದವರು ಕೇಳಿಸಿಕೊಂಡ ಜನ. ಆ ಜನರಲ್ಲಿ ಲೂಕ ತನ್ನನ್ನೂ ಸೇರಿಸಿಕೊಳ್ಳುತ್ತಾನೆ: "ನಾವೂ ಆ ಸ್ಥಳದವರೂ" ಬೇಡಿಕೊಂಡೆವು ಅಂತ. ಪೌಲನ ಬಗ್ಗೆ ಬರೆದವನೇ ಪೌಲನನ್ನು ತಡೆಯಲು ನೋಡಿದವರಲ್ಲಿ ಒಬ್ಬ. ಅದನ್ನು ಮುಚ್ಚಿಡದೆ ಬರೆದಿದ್ದಾನೆ.

ಪೌಲ ತಪ್ಪಿದ ಅನ್ನುವವರಿಗೆ ಇನ್ನೊಂದು ತೊಡಕೂ ಇದೆ. ಯೆರೂಸಲೇಮಿನಲ್ಲಿ ಸೆರೆ ಸಿಕ್ಕ ಮೇಲೆ ಒಂದು ರಾತ್ರಿ ಕರ್ತನು ಅವನ ಪಕ್ಕ ನಿಂತು ಮಾತಾಡಿದ ಅಂತ 23ನೇ ಅಧ್ಯಾಯ ಹೇಳುತ್ತದೆ. ಬರಬೇಡ ಅಂದರೂ ಯಾಕೆ ಬಂದೆ ಅನ್ನುವ ಗದರಿಕೆ ಅಲ್ಲಿಲ್ಲ. ಧೈರ್ಯವಾಗಿರು, ಯೆರೂಸಲೇಮಿನಲ್ಲಿ ಸಾಕ್ಷಿ ಹೇಳಿದಂತೆ ರೋಮಿನಲ್ಲೂ ಹೇಳಬೇಕು ಅನ್ನುವ ಮಾತಿದೆ. ಜೊತೆಗೆ ಲೂಕನ ಸುವಾರ್ತೆಯನ್ನೂ ನೆನೆಯಬೇಕು. ಅಲ್ಲಿ ಯೇಸು ಯೆರೂಸಲೇಮಿಗೆ ನಡೆಯುತ್ತಾ, ತನ್ನನ್ನು ಅನ್ಯಜನರ ಕೈಗೆ ಒಪ್ಪಿಸುತ್ತಾರೆ ಅಂತ ಶಿಷ್ಯರಿಗೆ ಮೊದಲೇ ಹೇಳುತ್ತಾನೆ. ಅಗಬನ ಬಾಯಲ್ಲೂ ಹೆಚ್ಚುಕಡಿಮೆ ಅದೇ ಮಾತು. ಎಣ್ಣೇಮರಗಳ ಗುಡ್ಡದಲ್ಲಿ ಯೇಸು ನಿನ್ನ ಚಿತ್ತವೇ ಆಗಲಿ ಅಂದ. ಕೈಸರೈಯದಲ್ಲಿ ಸ್ನೇಹಿತರು ಅಂದದ್ದೂ ಅದನ್ನೇ. ಬರೆದವನು ಒಬ್ಬನೇ, ಈ ಹೋಲಿಕೆ ತಾನಾಗಿ ಬಂದದ್ದಲ್ಲ.

ಆಮೇಲಿನ ತಲೆಮಾರುಗಳಲ್ಲೂ ಸಭೆ ಈ ಗೆರೆಯನ್ನು ಎಚ್ಚರದಿಂದ ಕಾಪಾಡಿಕೊಂಡಿತು. ಎರಡನೇ ಶತಮಾನದಲ್ಲಿ ಸ್ಮುರ್ನದ ಬಿಷಪ್ ಪೊಲಿಕಾರ್ಪನನ್ನು ಹಿಡಿಯಲು ಹೊರಟಾಗ, ಸ್ನೇಹಿತರ ಮಾತು ಕೇಳಿ ಅವನು ಊರಾಚೆಯ ತೋಟದ ಮನೆಗೆ ಹೋದ. ಸಿಕ್ಕಿಬಿದ್ದ ಮೇಲೆ ಮಾತ್ರ ಕದಲಲಿಲ್ಲ. ಅದೇ ಸಮಯದಲ್ಲಿ ಕ್ವಿಂತ ಅನ್ನುವವನೊಬ್ಬ ತಾನಾಗಿ ಹೋಗಿ ಸೆರೆ ಸಿಕ್ಕ. ಕಾಡುಮೃಗಗಳನ್ನು ನೋಡಿ ಹೆದರಿ ನಂಬಿಕೆ ಬಿಟ್ಟ. ತಾವಾಗಿ ಹೋಗಿ ಒಪ್ಪಿಸಿಕೊಳ್ಳುವವರನ್ನು ನಾವು ಹೊಗಳುವುದಿಲ್ಲ ಅಂತ ಸ್ಮುರ್ನದವರು ಬೇರೆ ಸಭೆಗೆ ಬರೆದ ಪತ್ರದಲ್ಲಿ ಹೇಳಿದ್ದಾರೆ.

ಬೇಡಿ ಬಿದ್ದದ್ದು ಹೇಗೆ

ಕೈಸರೈಯದಿಂದ ಯೆರೂಸಲೇಮಿಗೆ ಸುಮಾರು 100 ಕಿಲೋಮೀಟರ್. ಅಲ್ಲಿ ಸಹೋದರರು ಸಂತೋಷದಿಂದ ಬರಮಾಡಿಕೊಂಡರು. ಮಾರನೇ ದಿನ ಯಾಕೋಬ ಮತ್ತು ಹಿರಿಯರು ವಿಷಯಕ್ಕೆ ಬಂದರು. ಇಲ್ಲಿ ನಂಬಿರುವ ಯೆಹೂದ್ಯರು ಸಾವಿರಾರು ಜನ, ಎಲ್ಲರೂ ಧರ್ಮಶಾಸ್ತ್ರದ ಅಭಿಮಾನಿಗಳು. ಮೋಶೆಯ ನೇಮ ಬಿಡಿ, ಮಕ್ಕಳಿಗೆ ಸುನ್ನತಿ ಮಾಡಿಸಬೇಡಿ ಅಂತ ನೀನು ಪರದೇಶದ ಯೆಹೂದ್ಯರಿಗೆ ಕಲಿಸುತ್ತೀಯ ಅಂತ ಅವರ ಕಿವಿಗೆ ಬಿದ್ದಿದೆ. ಹರಕೆ ಹೊತ್ತ ನಾಲ್ಕು ಜನ ನಮ್ಮಲ್ಲಿದ್ದಾರೆ, ಅವರ ಜೊತೆ ಶುದ್ಧಿ ಮಾಡಿಸಿಕೋ, ಅವರ ಖರ್ಚನ್ನೂ ನೀನೇ ಹಾಕು, ಆಗ ಗಾಳಿಮಾತು ನಿಲ್ಲುತ್ತದೆ. ಪೌಲ ಒಪ್ಪಿಕೊಂಡ. ಹಟಮಾರಿಯಾಗಿದ್ದರೆ ಒಪ್ಪುತ್ತಿರಲಿಲ್ಲ.

ಏಳು ದಿನ ಮುಗಿಯುತ್ತಾ ಬಂದಿತ್ತು. ಆಸ್ಯದಿಂದ ಬಂದಿದ್ದ ಕೆಲವು ಯೆಹೂದ್ಯರು ಅವನನ್ನು ದೇವಾಲಯದಲ್ಲಿ ಕಂಡು ಕೂಗೆಬ್ಬಿಸಿದರು: ಗ್ರೀಕರನ್ನು ಒಳಗೆ ಕರೆತಂದು ಈ ಪವಿತ್ರ ಸ್ಥಳವನ್ನು ಹೊಲೆ ಮಾಡಿದ್ದಾನೆ! ಇದಕ್ಕೆ ಅವರ ಆಧಾರ ಇಷ್ಟೇ. ಎಫೆಸದ ತ್ರೊಫಿಮನನ್ನು ಊರಿನಲ್ಲಿ ಪೌಲನ ಜೊತೆ ನೋಡಿದ್ದರು, ಒಳಗೂ ಕರೆತಂದಿರಬೇಕು ಅಂದುಕೊಂಡರು.

ಆ ಆರೋಪ ಎಷ್ಟು ದೊಡ್ಡದು ಅಂತ ತಿಳಿಯಲು ಇಸ್ತಾಂಬುಲ್‌ನ ಮ್ಯೂಸಿಯಮ್ಮಿನಲ್ಲಿರುವ ಒಂದು ಸುಣ್ಣಕಲ್ಲಿನ ಹಲಗೆ ನೋಡಬೇಕು. 1871ರಲ್ಲಿ ಕ್ಲೆರ್ಮೋ-ಗಾನೋ ಅನ್ನುವ ಫ್ರೆಂಚ್ ವಿದ್ವಾಂಸನಿಗೆ ಯೆರೂಸಲೇಮಿನಲ್ಲಿ ಸಿಕ್ಕಿದ್ದು. ದೇವಾಲಯದ ಹೊರ ಅಂಗಳಕ್ಕೆ ಯಾರು ಬೇಕಾದರೂ ಬರಬಹುದಿತ್ತು. ಒಳ ಅಂಗಳದ ಸುತ್ತ ಒಂದು ಕಲ್ಲಿನ ತಡೆಗೋಡೆ. ಅದರ ಮೇಲೆ ಇಂಥ ಹಲಗೆಗಳು. ಗ್ರೀಕ್ ಅಕ್ಷರದಲ್ಲಿ ಕೆತ್ತಿದ್ದು ಇಷ್ಟು: ಪರಕೀಯರು ಯಾರೂ ಈ ಗೋಡೆ ದಾಟಿ ಒಳಗೆ ಬರಬಾರದು, ಸಿಕ್ಕಿಬಿದ್ದವನು ತನ್ನ ಸಾವಿಗೆ ತಾನೇ ಹೊಣೆ. ಇದೇ ಬರಹದ ಇನ್ನೊಂದು ಮುರಿದ ತುಂಡು 1935ರಲ್ಲಿ ಸಿಕ್ಕಿತು. ಪೌಲನ ಮೇಲೆ ಬಂದ ಆರೋಪ ಈ ಗೋಡೆಯದು.

ಜನ ಅವನನ್ನು ಹೊರಗೆಳೆದು ಬಡಿಯತೊಡಗಿದರು. ಪಕ್ಕದ ಕೋಟೆಯಿಂದ ರೋಮಿನ ಸಹಸ್ರಾಧಿಪತಿ ಕ್ಲೌದ್ಯ ಲೂಸ್ಯ ಸೈನಿಕರ ಜೊತೆ ಓಡಿ ಬಂದು ಬಿಡಿಸಿದ. ಬಿಡಿಸಿ, ಎರಡು ಸರಪಣಿ ಹಾಕಿಸಿದ. ಅಗಬ ಹೇಳಿದಂತೆ ಕಟ್ಟಿದವರು ಯೆಹೂದ್ಯರಲ್ಲ, ರೋಮಿನವರಲ್ಲವಾ ಅಂತ ಕೆಲವರು ತಕರಾರು ಎತ್ತುತ್ತಾರೆ. ಪೌಲನಿಗೇ ಆ ತಕರಾರು ಇರಲಿಲ್ಲ. ಯೆರೂಸಲೇಮಿನಲ್ಲಿ ನನ್ನನ್ನು ಸೆರೆಯವನಾಗಿ ರೋಮ್‌ನವರ ಕೈಗೆ ಒಪ್ಪಿಸಿದರು ಅಂತ ಮುಂದೆ ಅವನೇ ಹೇಳುತ್ತಾನೆ.

ಸಾಯುವುದಕ್ಕೂ ಸಿದ್ಧ ಅಂದವನು ಈಗ ಸಾಯಲು ಅವಸರ ಮಾಡಿದನಾ? ಇಲ್ಲ. ಕೊರಡೆಯಿಂದ ಹೊಡೆಯಲು ಕಟ್ಟಿದಾಗ, ರೋಮಿನ ಪೌರನನ್ನು ವಿಚಾರಣೆ ಇಲ್ಲದೆ ಹೊಡೆಯಬಹುದಾ ಅಂತ ಶತಾಧಿಪತಿಯನ್ನು ಕೇಳಿದ. ಹೊಡೆತ ತಪ್ಪಿತು. ಅವನನ್ನು ಕೊಲ್ಲುವ ತನಕ ಅನ್ನ ನೀರು ಮುಟ್ಟುವುದಿಲ್ಲ ಅಂತ ನಲವತ್ತಕ್ಕೂ ಹೆಚ್ಚು ಜನ ಶಪಥ ಮಾಡಿದ್ದು ಅವನ ಅಕ್ಕನದೋ ತಂಗಿಯದೋ ಮಗನ ಕಿವಿಗೆ ಬಿತ್ತು. ಹುಡುಗ ಬಂದು ಹೇಳಿದ. ಈ ಎಚ್ಚರಿಕೆಯನ್ನು ಪೌಲ ತಳ್ಳಿಹಾಕಲಿಲ್ಲ. ಹುಡುಗನನ್ನು ನೇರವಾಗಿ ಸಹಸ್ರಾಧಿಪತಿಯ ಹತ್ತಿರ ಕಳಿಸಿದ. ಅದೇ ರಾತ್ರಿ ಒಂಬತ್ತು ಗಂಟೆಗೆ 200 ಸಿಪಾಯಿಗಳು, 70 ಕುದುರೆ ಸವಾರರು, 200 ಭರ್ಜಿಯವರು, ಒಟ್ಟು 470 ಜನರ ಕಾವಲಿನಲ್ಲಿ ಅವನನ್ನು ಊರಾಚೆ ಸಾಗಿಸಿದರು.

ಸಾಗಿಸಿದ್ದು ಎಲ್ಲಿಗೆ? ಕೈಸರೈಯಕ್ಕೇ. ದೇಶಾಧಿಪತಿ ಫೇಲಿಕ್ಸ್ ಲಂಚದ ಆಸೆಯಿಂದ ಎರಡು ವರ್ಷ ಅವನನ್ನು ಅಲ್ಲೇ ಸೆರೆಯಲ್ಲಿಟ್ಟ. ಪರಿಚಯದವರು ಬಂದು ನೋಡಿಕೊಳ್ಳಲು ಅಡ್ಡಿ ಮಾಡಬೇಡಿ ಅಂತ ಅಪ್ಪಣೆಯನ್ನೂ ಕೊಟ್ಟಿದ್ದ. ಫಿಲಿಪ್ಪನ ಮನೆ ಅದೇ ಊರಿನಲ್ಲಿತ್ತು. ಫೇಲಿಕ್ಸನ ನಂತರ ಫೆಸ್ತ ಬಂದ. ವಿಚಾರಣೆಯನ್ನು ಮತ್ತೆ ಯೆರೂಸಲೇಮಿಗೆ ಒಯ್ಯುವ ಮಾತೆತ್ತಿದ. ಯೆರೂಸಲೇಮಿಗಾಗಿ ಅಷ್ಟು ಜನರ ಕಣ್ಣೀರನ್ನು ದಾಟಿ ಬಂದಿದ್ದ ಪೌಲ ಈ ಸಲ ಹೋಗಲು ಒಪ್ಪಲಿಲ್ಲ. ಅಲ್ಲಿಯ ಕೆಲಸ ಮುಗಿದಿತ್ತು. ಚಕ್ರವರ್ತಿಯ ಮುಂದೆಯೇ ನನ್ನ ನ್ಯಾಯ ಆಗಲಿ ಅಂತ ಮೇಲ್ಮನವಿ ಮಾಡಿದ.

ರೋಮಿಗೆ ಹೋಗುವ ಹಡಗಿನಲ್ಲಿ ಒಂದು ತಮಾಷೆ ಇದೆ. ಕ್ರೇತ ದ್ವೀಪದ ಒಂದು ರೇವಿನಲ್ಲಿ ನಿಂತಾಗ, ಕಾಲ ಕೆಟ್ಟಿದೆ, ಈಗ ಹೊರಟರೆ ನಷ್ಟವಾಗುತ್ತದೆ ಅಂತ ಎಚ್ಚರಿಸಿದವನು ಪೌಲ. ಶತಾಧಿಪತಿ ಅವನ ಮಾತು ಬಿಟ್ಟು ಹಡಗಿನ ಯಜಮಾನನ ಮಾತು ಕೇಳಿದ. ಹದಿನಾಲ್ಕು ರಾತ್ರಿ ಬಿರುಗಾಳಿಗೆ ಸಿಕ್ಕು ಮಾಲ್ಟಾ ಹತ್ತಿರ ಹಡಗು ಒಡೆಯಿತು. 276 ಜನರಲ್ಲಿ ಒಬ್ಬರೂ ಸಾಯಲಿಲ್ಲ.

ರೋಮ್‌ನವರಿಗೆ ಪ್ರಾರ್ಥನೆಗೆ ಬರೆದುಕೊಟ್ಟ ಮೂರು ವಿಷಯಗಳ ಗತಿ ಏನಾಯಿತು? ನಂಬದವರ ಕೈಯಿಂದ ಪಾರಾದ, ರೋಮಿನ ಸರಪಣಿಯ ದಯೆಯಿಂದ. ಯೆರೂಸಲೇಮಿನವರು ದುಡ್ಡನ್ನು ಹೇಗೆ ತೆಗೆದುಕೊಂಡರು ಅಂತ ಲೂಕ ಒಂದು ಮಾತೂ ಬರೆದಿಲ್ಲ. ನನ್ನ ಜನರಿಗೆ ದಾನ ಕೊಡಲು ಬಂದೆ ಅಂತ ಫೇಲಿಕ್ಸನ ಮುಂದೆ ಪೌಲ ಒಂದು ಸಲ ಹೇಳುತ್ತಾನೆ, ಅಷ್ಟೇ. ಮೂರನೆಯದು, ರೋಮಿಗೆ ಹೋಗಿ ಸೇರಿದ. ಸಹೋದರರು ಊರಿನಿಂದ ಅಪ್ಪಿಯ ಪೇಟೆಯವರೆಗೂ ನಡೆದು ಬಂದು ಎದುರುಗೊಂಡರು. ಅಲ್ಲಿ ಎರಡು ವರ್ಷ, ಒಬ್ಬ ಸಿಪಾಯಿಯ ಕಾವಲಿನಲ್ಲಿ, ತಾನೇ ಬಾಡಿಗೆ ಕೊಟ್ಟ ಮನೆಯಲ್ಲಿದ್ದು, ಬಂದವರಿಗೆಲ್ಲ ಬೋಧಿಸಿದ.